ನಂಬರು ಬರೆಯುವವನ ಹೊಟ್ಟೆಕಿಚ್ಚು

ನಿಮ್ಮ ಮನೆಯ ಸಾಸಿವೆ ಡಬ್ಬಿಯಲ್ಲಿ ಎಂದಾದರೂ ಕಾರಿನ ಸ್ಟೀರಿಂಗು ಸಿಕ್ಕಿದ್ದುಂಟೆ? ನಮ್ಮ ಮನೆಯಲ್ಲಿ ಹೋದ ವಾರ ಸಿಕ್ಕಿತು. ನನ್ನ ಹೆಂಡತಿ ಸುಜಾತ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಸಾಸಿವೆಯೆಲ್ಲ ಚಟಪಟ ಸಿಡಿದು ಮುಗಿದರೂ ಒಂದು ಕಪ್ಪು ಉಂಗುರ ಮಾತ್ರ ಸಿಡಿಯದೆ ಬಾಣಲೆಯ ತಳದಲ್ಲಿ ಮೆತ್ತಗಾಗುತ್ತಾ ಕೂತಿತ್ತಂತೆ. "ರೀ, ನಿಮ್ ಕಾರಿಂದು ಯಾವ್ದೋ ಭಾಗ ಬೇಯ್ತಾ ಅದೆ, ಬಂದ್ ನೋಡಿ" ಎಂದು ಕೂಗಿದಳು. ಓಡಿ ಹೋಗಿ ನೋಡಿದರೆ, ತಿಂಗಳುಗಟ್ಟಲೆ ನಾನು ಹುಡುಕಿದ್ದ ಸ್ಟೀರಿಂಗು. ಅದು ಅಲ್ಲಿಗೆ ಹೇಗೆ ಹೋಯಿತೆಂದು ಕೇಳಬೇಡಿ. ಅಡುಗೆಮನೆಯ ಕಟ್ಟೆಯ ಮೇಲೆ ಕಾರು ಕಟ್ಟುವ ಗಂಡಸಿರುವ ಮನೆಯಲ್ಲಿ ಇಂಥವೆಲ್ಲ ನಡೆಯುತ್ತವೆ. ಒಗ್ಗರಣೆ ಚೆಲ್ಲಿದ್ದಾಯಿತು, ಬೈಸಿಕೊಂಡದ್ದೂ ಆಯಿತು. ಆದರೆ ನನಗೆ ನಾಚಿಕೆಯಾದದ್ದು ಬೇರೆ ಕಾರಣಕ್ಕೆ. ಈ ಸ್ಟೀರಿಂಗನ್ನು ನಜೀರ ಕೆ.ಆರ್. ನಗರಕ್ಕೆ ಹೊತ್ತುಕೊಂಡು ಹೋಗಿ ಆ ಪ್ರಸನ್ನನ ಕೈಗೆ ಕೊಟ್ಟುಬಿಟ್ಟಿದ್ದಾನೆ ಎಂದು ನಾನು ಮನಸ್ಸಿನಲ್ಲೇ ತೀರ್ಪು ಕೊಟ್ಟು ಕೂತಿದ್ದೆ.

ನಜೀರ ಯಾರು, ಪ್ರಸನ್ನ ಯಾರು ಎಂದು ನಿಧಾನವಾಗಿ ಹೇಳುತ್ತೇನೆ. ಹೊಟ್ಟೆಕಿಚ್ಚಿನ ಕತೆಯನ್ನು ಅವಸರದಲ್ಲಿ ಹೇಳಿದರೆ ಕೇಳುವವರಿಗೆ ರುಚಿಸುವುದಿಲ್ಲ.

ನಾನು ಹುಣಸೂರಿನ ಬಜಾರಿನಲ್ಲಿ ಗೊಬ್ಬರ ಮತ್ತು ಬಿತ್ತನೆ ಬೀಜದ ಅಂಗಡಿ ಇಟ್ಟಿರುವವನು. ಹುಟ್ಟೂರು ಪಿರಿಯಾಪಟ್ಟಣ ತಾಲ್ಲೂಕಿನ ರಾವಂದೂರು. ಜಮೀನು ಈಗಲೂ ಅಲ್ಲೇ ಇದೆ, ಅವ್ವ ಮಾತ್ರ ನಮ್ಮ ಜೊತೆ ಹುಣಸೂರಿನ ಮನೆಯಲ್ಲಿದ್ದಾಳೆ. ನಜೀರನ ಅಂಗಡಿ ನನ್ನ ಅಂಗಡಿಯ ಎದುರು ಸಾಲಿನಲ್ಲಿ. ಮಂಚ, ಬೀರು, ಷೋಕೇಸು ಮಾಡಿ ಮಾರುತ್ತಾನೆ. ಅವನ ಅಪ್ಪನೂ ನಮ್ಮೂರಿನಲ್ಲಿ ಅದನ್ನೇ ಮಾಡುತ್ತಿದ್ದರು. ಚಿಕ್ಕ ಕ್ಲಾಸಿನಿಂದಲೂ ನಾವಿಬ್ಬರೂ ಒಂದೇ ಬೆಂಚು. ಈಗ ಇಬ್ಬರಿಗೂ ತಲೆಯಲ್ಲಿ ಕರಿಗಿಂತ ಬಿಳಿಯೇ ಹೆಚ್ಚು, ಮನೆಯಲ್ಲಿ ಮದುವೆಗೆ ಬಂದ ಮಕ್ಕಳಿದ್ದಾರೆ. ಭಾನುವಾರ ಬಂತೆಂದರೆ ಇಬ್ಬರೂ ಸೇರಿ ಪ್ಲಾಸ್ಟಿಕ್ ಕಾರು ಕಟ್ಟುತ್ತೇವೆ.

ನಗಬೇಡಿ. ಇದು ಮಕ್ಕಳು ದರದರ ಎಳೆದುಕೊಂಡು ಹೋಗುವ ಕಾರಲ್ಲ. ಕಿಟ್ಟು ಎಂದರೆ ಒಂದು ಪೆಟ್ಟಿಗೆ. ಮುಚ್ಚಳದ ಮೇಲೆ ಹೊಳೆಯುವ ಕಾರಿನ ಚಿತ್ರ, ಒಳಗೆ ಅದೇ ಕಾರು ಬಿಡಿಬಿಡಿಯಾಗಿ, ಹೆಣ್ಣು ನೋಡಲು ಬಂದವರ ಮುಂದಿಟ್ಟ ತಿಂಡಿಯ ತಟ್ಟೆಯ ಹಾಗೆ ಅಚ್ಚುಕಟ್ಟಾಗಿ. ಕೂಡಿಸಿದರೆ ಗೇಣುದ್ದ ಆಗುತ್ತದೆ. ಬುದ್ಧಿ ಇರುವವರು ಅದರಲ್ಲಿರುವ ಚೀಟಿಯಲ್ಲಿ ಹೇಳಿದಂತೆ ಜೋಡಿಸಿ ಗಾಜಿನ ಬೀರುವಿನಲ್ಲಿಡುತ್ತಾರೆ. ನಾವು ಮೊದಲು ಅದನ್ನು ಕೆಡಿಸುತ್ತೇವೆ.

ಕೆಲವು ವರ್ಷಗಳ ಹಿಂದೆ ನಜೀರನ ಚಿಕ್ಕಪ್ಪನ ಮಗ ದುಬೈಯಿಂದ ಬರುವಾಗ ಇಂಥದ್ದೊಂದು ಪೆಟ್ಟಿಗೆ ತಂದುಕೊಟ್ಟ. ಅಮೆರಿಕದ ಹಳೇ ಕಾಲದ ಸಂಸಾರದ ಕಾರು. ಉದ್ದ ನೋಡಿದರೆ ಒಂದು ಮದುವೆ ದಿಬ್ಬಣವೇ ಕೂರಬಹುದು ಅನ್ನಿಸುತ್ತಿತ್ತು. ಅದನ್ನು ಜೋಡಿಸುವುದು ಹೇಗೆಂದು ಫೋನಿನಲ್ಲಿ ಹುಡುಕುವಾಗ ಬಿಳಿಗಡ್ಡದ ಮುದುಕನೊಬ್ಬ ಕಣ್ಣಿಗೆ ಬಿದ್ದ. ಅವನು ಅಂಥದ್ದೇ ಕಾರಿನ ಹೆಡ್‌ಲೈಟು ಕಿತ್ತು, ತೂತು ಮುಚ್ಚಿ, ಹಿಂದಿನ ಸೀಟು ಬಿಸಾಕಿ, ಒಳಗೆ ಕಂಬಿಯ ಪಂಜರ ಕಟ್ಟಿ, ಬಾಗಿಲ ಮೇಲೆ ದಪ್ಪಗೆ ನಂಬರು ಹಾಕಿ, ಕೊನೆಗೆ ಮೈತುಂಬ ಕೆಸರು ಬಳಿದ. ಹಳೇ ಕಾಲದ ರೇಸಿನ ಕಾರುಗಳು ಹೀಗೇ ಇದ್ದವಂತೆ. ಅಲ್ಲಿನ ಹಳ್ಳಿಯವರು, ಮೆಕ್ಯಾನಿಕ್ಕುಗಳು ಮನೆಯಲ್ಲಿದ್ದ ಕಾರನ್ನೇ ಬಿಚ್ಚಿ, ಓಡುವಾಗ ಬಾಗಿಲು ತೆರೆದುಕೊಳ್ಳದ ಹಾಗೆ ಬೆಲ್ಟು ಬಿಗಿದು, ಮಣ್ಣಿನ ಮೈದಾನದಲ್ಲಿ ಸುತ್ತು ಹೊಡೆಸುತ್ತಿದ್ದರಂತೆ. "ಇವ್ರು ನಮ್ ಕಡೆಯೋರೇ ಕಣೋ ಚಂದ್ರು" ಎಂದ ನಜೀರ. ಸೈಲೆನ್ಸರು ಕಿತ್ತ ಟ್ರ್ಯಾಕ್ಟರನ್ನು ಕೆಸರುಗದ್ದೆಯಲ್ಲಿ ಕುಣಿಸುವವರನ್ನು ಕಂಡಿರುವ ನನಗೂ ಹಾಗೇ ಅನ್ನಿಸಿತು.

ಆವತ್ತಿನಿಂದ ಶುರುವಾದದ್ದು ಇನ್ನೂ ಬಿಟ್ಟಿಲ್ಲ. ಮಿರಮಿರ ಮಿಂಚುವ ಬಂಪರನ್ನು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ನೆನೆಹಾಕಿ ಮಿಂಚು ಕಳೆಯುತ್ತೇವೆ. ಹೆಡ್‌ಲೈಟಿನ ತೂತಿಗೆ ಅಡುಗೆ ಸೋಡಾ ತುಂಬಿ, ಮೇಲೆ ತಕ್ಷಣ ಹಿಡಿಯುವ ಗೋಂದಿನ ತೊಟ್ಟು ಬಿಟ್ಟರೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಒಳಗಿನ ಪಂಜರಕ್ಕೆ ಊದುಬತ್ತಿಯ ಕಡ್ಡಿ. ಬಿಸಿನೀರಿನಲ್ಲಿ ನೆನೆಸಿ ಮೆಲ್ಲಗೆ ಬಾಗಿಸಿದರೆ ಬಾಗುತ್ತದೆ, ಮೂಗಿಗೆ ಹಿಡಿದರೆ ಗಂಧದ ವಾಸನೆಯೂ ಬರುತ್ತದೆ. ಕಿಟಕಿಗೆ ಸೊಳ್ಳೆ ಪರದೆಯ ಚೂರು, ಹೊಗೆ ಕೊಳವೆಗೆ ಖಾಲಿ ರೀಫಿಲ್ಲು. ಕೆಸರಿಗೆ ಮಾತ್ರ ನಾವು ತುಂಬಾ ಕಟ್ಟುನಿಟ್ಟು. ಒಂದು ಕಾರಿಗೆ ನಮ್ಮ ರಾವಂದೂರಿನ ಹೊಗೆಸೊಪ್ಪಿನ ಹೊಲದ ಕೆಂಪು ಮಣ್ಣಾದರೆ, ಇನ್ನೊಂದಕ್ಕೆ ಗುರುಪುರದ ಜೋಳದ ಹೊಲದ್ದು, ಮತ್ತೊಂದಕ್ಕೆ ಎಚ್.ಡಿ. ಕೋಟೆ ಕಡೆ ಹೋದಾಗ ಕಾಲುವೆ ಬದಿಯಿಂದ ತಂದ ಬೂದು ಮಣ್ಣು. ಸುಜಾತಳ ಮೈದಾ ಜರಡಿಯಲ್ಲಿ ಅದನ್ನು ಸೋಸಿ, ನಜೀರನ ಅಂಗಡಿಯ ಮರದ ಪಾಲಿಶಿನಲ್ಲಿ ಕಲಸಿ ಬಳಿಯುತ್ತೇವೆ. ಆ ಜರಡಿಯ ವಿಷಯ ಅವಳಿಗೆ ತಿಳಿದದ್ದು ಚಪಾತಿಯಲ್ಲಿ ಕಲ್ಲು ಸಿಕ್ಕಿದ ಮೇಲೆ.

ಕೆಲಸವನ್ನು ಯಾರೂ ಹಂಚಲಿಲ್ಲ, ಅದೇ ಹಂಚಿಕೊಂಡಿತು. ಕೊಯ್ಯುವುದು, ಉಜ್ಜುವುದು, ಜೋಡಿಸುವುದು ನಜೀರ. ಬಣ್ಣ ಹಚ್ಚಿ ನಂಬರು ಬರೆಯುವುದು ನಾನು. ನನ್ನ ಅಂಗಡಿಯ ದರದ ಹಲಗೆಯನ್ನು ನಾನೇ ಬರೆಯುವುದರಿಂದ ಬ್ರಷ್ಷು ಹಿಡಿದ ಕೈ ನಡುಗುವುದಿಲ್ಲ. ಆದರೆ ಕೊಯ್ಯುವ ಕೆಲಸ ನನ್ನಿಂದಾಗದು. ಚಿಕ್ಕಂದಿನಿಂದಲೂ ಅಷ್ಟೇ.

ಚಿಕ್ಕಂದು ಎಂದೆನಲ್ಲ, ಆಗ ಹರಿದ ಹವಾಯಿ ಚಪ್ಪಲಿಯೇ ನಮ್ಮ ಕಾರ್ಖಾನೆ. ಚಪ್ಪಲಿಯ ಅಟ್ಟೆಯಿಂದ ಚಕ್ರ ಕೊಯ್ದು, ಜೋಳದ ದಂಟಿಗೆ ಸಿಕ್ಕಿಸಿ ಗಾಡಿ ಮಾಡುತ್ತಿದ್ದೆವು. ನಾನು ಕೊಯ್ದ ಚಕ್ರ ಒಂದು ಕಡೆ ದೋಸೆ, ಇನ್ನೊಂದು ಕಡೆ ಸಮೋಸ. ಗಾಡಿ ಕುಂಟುತ್ತಾ ಹೋಗುತ್ತಿತ್ತು. ನಜೀರ ಅಪ್ಪನ ಉಳಿ ಕದ್ದು ತಂದು ಕೊಯ್ದರೆ ಕಾಸಿನ ಹಾಗೆ ದುಂಡಗೆ ಬರುತ್ತಿತ್ತು. ಅವನ ಚಕ್ರ ನೋಡಿದಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಯಾರೋ ಖಾರ ಅರೆದ ಹಾಗಾಗುತ್ತಿತ್ತು. ಒಂದು ಸಲ ಅವನಿಗೆ ಮಂಗನಬಾವು ಬಂತು. ಕೆನ್ನೆ ಊದಿ, ಅದಕ್ಕೆ ಬಟ್ಟೆಗೆ ಹಾಕುವ ನೀಲಿ ಬಳಿದುಕೊಂಡು ಮನೆಯಲ್ಲಿ ಕೂತ. ಸ್ಕೂಲಿಲ್ಲ, ಜೊತೆಗೆ ದಿನಾ ಹಾಲಿನಲ್ಲಿ ಅದ್ದಿದ ಬನ್ನು. ನನಗೆ ಆ ಬನ್ನಿನ ಮೇಲೂ ಹೊಟ್ಟೆಕಿಚ್ಚು. ಅವನ ಮನೆಗೆ ಹೋಗಿ, ಅವನ ಕೆನ್ನೆಗೆ ನನ್ನ ಕೆನ್ನೆ ಉಜ್ಜಿ ಬಂದೆ. ನನಗೂ ಮಂಗನಬಾವು ಬಂತು, ಆದರೆ ಬರುವ ಹೊತ್ತಿಗೆ ಬೇಸಿಗೆ ರಜ ಶುರುವಾಗಿತ್ತು. ಅವ್ವ ಬನ್ನಿನ ಬದಲು ರಾಗಿ ಅಂಬಲಿ ಕೊಟ್ಟಳು.

ಇದನ್ನೆಲ್ಲ ಹೇಳಿದ್ದು, ಹೊಟ್ಟೆಕಿಚ್ಚು ನನಗೆ ಹೊಸ ಕಾಯಿಲೆಯಲ್ಲ ಎಂದು ತಿಳಿಸಲು. ಆದರೆ ನಜೀರನ ಮೇಲೆ ಪಟ್ಟದ್ದು ಒಂದು ಬಗೆ. ನಜೀರನಿಗಾಗಿ ಪಟ್ಟದ್ದು ಇನ್ನೊಂದು ಬಗೆ, ಮೊದಲನೆಯದಕ್ಕಿಂತ ಬಹಳ ಉರಿ.

ಪ್ರಸನ್ನ ಬಂದದ್ದು ಷೋಕೇಸು ಮಾಡಿಸಲು. ಕೆ.ಆರ್. ನಗರದವನು, ಬೀಚನಹಳ್ಳಿಯ ಅಣೆಕಟ್ಟೆಯ ಕಡೆ ನೀರಾವರಿ ಇಂಜಿನಿಯರು. ವಾರವೆಲ್ಲ ಅಲ್ಲಿದ್ದು ಶನಿವಾರ ಮನೆಗೆ ಹೋಗುವಾಗ ದಾರಿಯಲ್ಲಿ ನಜೀರನ ಅಂಗಡಿಯ ಮುಂದೆ ನಿಂತ. ನಮಗಿಂತ ಚಿಕ್ಕವನು, ಇಸ್ತ್ರಿ ಕೆಡದ ಷರ್ಟು, ಸಣ್ಣ ದನಿ. "ಒಳಗಡೆ ಲೈಟು ಬೇಕು, ಗಾಜಿನ ಹಲಗೆ ಬೇಕು, ಕಾರಿನ ಮಾಡೆಲ್‌ಗಳನ್ನ ಇಡೋಕೆ" ಎಂದನಂತೆ. ನಜೀರನಿಗೆ ಸ್ವರ್ಗಕ್ಕೆ ಮೂರೇ ಗೇಣು ಉಳಿಯಿತು. ತಕ್ಷಣ ಒಳಗೆ ಕರೆದುಕೊಂಡು ಹೋಗಿ ನಮ್ಮ ಕಾರುಗಳನ್ನು ತೋರಿಸಿದ. ನಾನು ಎದುರಿನ ಅಂಗಡಿಯಲ್ಲಿ ಯೂರಿಯಾ ಮೂಟೆಯ ಪಕ್ಕ ನಿಂತು ನೋಡುತ್ತಿದ್ದೆ. ಒಳಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ.

ಆಮೇಲೆ ನಜೀರನ ಬಾಯಲ್ಲಿ ಪ್ರಸನ್ನ ಸಾರ್ ಬಿಟ್ಟರೆ ಬೇರೆ ಮಾತಿಲ್ಲ. "ಪ್ರಸನ್ನ ಸಾರ್ ಹತ್ರ ಏರ್‌ಬ್ರಷ್ ಅದೆ ಕಣೋ. ಪೆನ್ನಿನಷ್ಟ್ ಇರೋ ಗನ್ನು, ಬಣ್ಣಾನ ಹಂಗೇ ಊದ್ತದೆ. ಬ್ರಷ್ಷಿನ ಗೆರೆ ಒಂದೂ ಕಾಣಾಕಿಲ್ಲ."

ಬ್ರಷ್ಷಿನ ಗೆರೆ ಎಂದರೆ ನನ್ನ ಗೆರೆ.

"ಮಣ್ಣು ಕೂಡ ಸಣ್ಣ ಸಣ್ಣ ಸೀಸೆನಲ್ಲಿ ಫಾರಿನ್ನಿಂದ ತರಿಸ್ತಾರೆ."

"ಮಣ್ಣನ್ನ ದುಡ್ ಕೊಟ್ಟು ತರಿಸ್ತಾನಾ? ಕೆ.ಆರ್. ನಗರದಲ್ಲಿ ಮಣ್ಣಿಲ್ವಾ?" ಎಂದೆ.

"ಅದು ಬೇರೆ ಥರ ಮಣ್ಣು ಕಣೋ, ನಿಂಗೆ ಹೇಳುದ್ರೆ ಗೊತ್ತಾಗಲ್ಲ" ಎಂದ. ಹತ್ತಾರು ವರ್ಷ ಒಂದೇ ತಟ್ಟೆಯಲ್ಲಿ ಕಡಲೆಪುರಿ ತಿಂದವನು ಹೀಗೆ ಅಂದರೆ ಹೇಗಿರಬೇಡ! ಮಣ್ಣಿನ ವಿಷಯ ಗೊಬ್ಬರದ ಅಂಗಡಿಯವನಿಗೆ ಗೊತ್ತಾಗುವುದಿಲ್ಲವಂತೆ.

ಮುಂದಿನ ಭಾನುವಾರ ನಾನು ಎಂದಿನಂತೆ ಹೋದರೆ ನಜೀರನ ಅಂಗಡಿಗೆ ಬೀಗ. ಷೋಕೇಸಿನ ಅಳತೆ ತೆಗೆಯಲು ಕೆ.ಆರ್. ನಗರಕ್ಕೆ ಹೋಗಿದ್ದನಂತೆ. ಅದರ ಮುಂದಿನ ಭಾನುವಾರ ಷೋಕೇಸು ಕೂರಿಸಲು. ಅದರ ಮುಂದಿನದಕ್ಕೆ ಗಾಜು ಸರಿಯಾಗಿ ಕೂತಿದೆಯೇ ಎಂದು ನೋಡಲು. ಗಾಜು ನೋಡಲು ಇಡೀ ಭಾನುವಾರ ಬೇಕೇ? ನಮ್ಮ ಒಂದು ಕಾರಿನ ಸ್ಟೀರಿಂಗು ಕಾಣೆಯಾದದ್ದೂ ಆಗಲೇ, ಅದನ್ನೂ ಅಲ್ಲಿಗೇ ಸಾಗಿಸಿದ್ದಾನೆ ಎಂದುಕೊಂಡೆ. ಹೊಸ ನೀರು ಬಂದು ಹಳೇ ನೀರನ್ನು ಕೊಚ್ಚಿಕೊಂಡು ಹೋಯಿತು ಅನ್ನುತ್ತಾರಲ್ಲ, ಹಾಗಾಯಿತು ನನ್ನ ಪಾಡು.

ಎದುರುಬದುರು ಅಂಗಡಿ ಇರುವುದು ಹೊಟ್ಟೆಕಿಚ್ಚಿನವರಿಗೆ ಒಳ್ಳೆಯದಲ್ಲ. ಪ್ರತಿ ಶನಿವಾರ ಸಂಜೆ ಪ್ರಸನ್ನನ ಬಿಳಿ ಕಾರು ಬಂದು ನಿಲ್ಲುವುದು, ನಜೀರ ಕೈ ಒರೆಸಿಕೊಂಡು ಓಡಿ ಬರುವುದು, ಇಬ್ಬರೂ ಏನನ್ನೋ ಬೆಳಕಿಗೆ ಹಿಡಿದು ನೋಡಿ ನಗುವುದು, ಎಲ್ಲ ನನ್ನ ಕಣ್ಣೆದುರೇ. ಒಂದು ಶನಿವಾರ ಉದ್ದಿನ ಬೀಜ ಕೇಳಿದವನಿಗೆ ಅಲಸಂದೆ ತೂಗಿ ಕೊಟ್ಟೆ. ಅವನು ಅರ್ಧ ದಾರಿಯಿಂದ ವಾಪಸು ಬಂದು, "ಯಾಕ್ ಸ್ವಾಮೀ, ಮೈಯಾಗ್ ಉಸಾರಿಲ್ವಾ?" ಎಂದು ಕೇಳಿದ. ಮೈಗೆ ಏನೂ ಆಗಿರಲಿಲ್ಲ.

ಸುಜಾತಳಿಗೆ ಎಲ್ಲ ಗೊತ್ತಾಯಿತು. ಅವಳಿಗೆ ಹೇಳದೆಯೇ ಎಲ್ಲ ಗೊತ್ತಾಗುತ್ತದೆ. "ನಿಮ್ ಮುಖ ನೋಡುದ್ರೆ ಗಂಡ ಎರಡ್ನೇ ಮದ್ವೆ ಆದಂಗದೆ" ಎಂದಳು. ನಾನು ರೇಗಿದೆ. "ರೇಗ್ಬ್ಯಾಡಿ. ಹೋಗಿ ಮಾತಾಡ್ಸಿ. ಎಷ್ಟ್ ವರ್ಷದ್ ಸ್ನೇಹ" ಎಂದಳು. "ಅವ್ನೇ ಬರ್ಲಿ" ಎಂದೆ. ಹೊಟ್ಟೆಕಿಚ್ಚಿಗೆ ಸ್ವಾಭಿಮಾನ ಎಂಬ ಹೆಸರಿಟ್ಟರೆ ಕೇಳಲು ಚೆನ್ನಾಗಿರುತ್ತದೆ.

ನಿಜವಾಗಿ ನನ್ನನ್ನು ಕೊರೆದದ್ದು ಒಂದೇ ಒಂದು ಕಾರು. ಎರಡು ಬಾಗಿಲಿನ, ಬೆನ್ನು ಇಳಿಜಾರಾದ, ನಾವು ಬಹಳ ದಿನ ಆಸೆಪಟ್ಟು ತರಿಸಿದ ಕಿಟ್ಟು. ಅದರ ಕೊಯ್ಯುವ ಕೆಲಸವನ್ನು ನಜೀರ ಮಳೆಗಾಲವಿಡೀ ಕೂತು ಮಾಡಿದ್ದ. ಬಾಗಿಲ ಸಂದುಗಳನ್ನು ತುಂಬಿ ಉಜ್ಜಿದ್ದು ನೋಡಿದರೆ ಅಲ್ಲಿ ಬಾಗಿಲೇ ಇರಲಿಲ್ಲ ಅನ್ನಬೇಕು. ಇನ್ನು ಬಣ್ಣ ಮತ್ತು ನಂಬರು, ಅಂದರೆ ನನ್ನ ಸರದಿ. ನಾನು ಸಣ್ಣ ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ತೊಳೆದು, ಕೂದಲು ನೆಟ್ಟಗೆ ಮಾಡಿ ಇಟ್ಟುಕೊಂಡಿದ್ದೆ. ಒಂದು ಬೆಳಿಗ್ಗೆ ಬೇರೇನೋ ನೆಪ ಮಾಡಿಕೊಂಡು ಅವನ ಅಂಗಡಿಗೆ ಹೋದೆ. ಕಾರು ಇಟ್ಟಿದ್ದ ಜಾಗ ಖಾಲಿ.

"ಅದಾ? ಪ್ರಸನ್ನ ಸಾರ್ ತಗಂಡ್ ಹೋದ್ರು. ಅವ್ರೇ ಬಣ್ಣ ಊದಿ, ನಂಬರೂ ಹಾಕ್ಕೊಡ್ತಾರಂತೆ" ಎಂದ ನಜೀರ, ತಲೆ ಎತ್ತದೆ.

"ನಂಬರೂನಾ?"

"ಸ್ಟಿಕರ್ ಬತ್ತದೆ ಕಣೋ ಅದಕ್ಕೆ. ನೀರಲ್ ನೆನೆಸಿ ಅಂಟಿಸೋದು. ನಿಂಗೂ ಕಷ್ಟ ತಪ್ತು."

ನನಗೆ ಕಷ್ಟ ಎಂದು ಯಾರು ಹೇಳಿದ್ದರು? ಆ ಕಷ್ಟವೇ ನನ್ನ ಭಾನುವಾರ. ಅದಿಲ್ಲದಿದ್ದರೆ ನಜೀರನ ಅಂಗಡಿಯಲ್ಲಿ ನನಗೆ ಏನು ಕೆಲಸ? ಬೇರೆ ಏನಾದರೂ ಆಗಿದ್ದರೆ ಜಗಳವಾಡುತ್ತಿದ್ದೆ. ಈ ಮಾತಿಗೆ ನನಗೆ ಅಳು ಬಂದಂತಾಯಿತು. ಐವತ್ತು ದಾಟಿದ ಗೊಬ್ಬರದ ವ್ಯಾಪಾರಿ ಆಟದ ಕಾರಿಗಾಗಿ ಬಜಾರಿನಲ್ಲಿ ಕಣ್ಣೊರೆಸಿಕೊಂಡರೆ ಊರು ನಗುತ್ತದೆ. "ಒಳ್ಳೇದಾಯ್ತು ಬುಡು" ಎಂದು ರಸ್ತೆ ದಾಟಿ ಬಂದೆ. ಆಮೇಲೆ ಅವನ ಅಂಗಡಿಗೆ ಕಾಲಿಡಲಿಲ್ಲ.

ಹೀಗಿರುವಾಗ ಆಯುಧಪೂಜೆ ಬಂತು.

ಆಯುಧಪೂಜೆಗೆ ನಮ್ಮ ಕಡೆ ಗಾಲಿ ಇರುವುದೆಲ್ಲ ತೊಳೆಸಿಕೊಳ್ಳುತ್ತದೆ. ನನ್ನ ಬೈಕು, ಸುಜಾತಳ ಸ್ಕೂಟರು, ಅಂಗಡಿಯ ಗೂಡ್ಸ್ ಆಟೋ, ಗಾಲಿ ಇಲ್ಲದಿದ್ದರೂ ಔಷಧಿ ಹೊಡೆಯುವ ಸ್ಪ್ರೇಯರು, ಅವ್ವನ ಹಳೇ ಕುಡುಗೋಲು. ಕಾರು ಕಟ್ಟಲು ಶುರು ಮಾಡಿದ ಮೊದಲ ವರ್ಷ ನಜೀರನೇ, "ಇವೂ ಗಾಡಿಗಳೇ ಅಲ್ವೇನೋ, ನಿಮ್ ಮನೇಲಿ ಪೂಜೆ ಮಾಡ್ಸು" ಎಂದು ಕಾರುಗಳನ್ನು ತಂದಿದ್ದ. ಆಮೇಲೆ ಅದು ಪದ್ಧತಿಯಾಯಿತು. ಪ್ರತಿ ವರ್ಷ ಮಧ್ಯಾಹ್ನದ ಹೊತ್ತಿಗೆ ಅವನು ಹಣ್ಣಿನ ಬುಟ್ಟಿಯಲ್ಲಿ ಕಾರುಗಳನ್ನಿಟ್ಟುಕೊಂಡು ಬರುತ್ತಾನೆ, ನಾನು ಅವನ್ನು ಬೈಕಿನ ಪಕ್ಕ ಮಣೆಯ ಮೇಲೆ ಸಾಲಾಗಿ ಜೋಡಿಸುತ್ತೇನೆ, ಅವ್ವ ದೂರದಿಂದ ಒಂದು ಚಿಟಿಕೆ ಕುಂಕುಮ ಎರಚುತ್ತಾಳೆ. ಆಮೇಲೆ ಎಲ್ಲರೂ ಕೂತು ಹೋಳಿಗೆ ತಿನ್ನುತ್ತೇವೆ.

ಈ ವರ್ಷ ಮಾತು ಬಿಟ್ಟಿದ್ದೆವಲ್ಲ, ಅವನು ಬರುವುದಿಲ್ಲ ಎಂದುಕೊಂಡು ನಾನು ಬೆಳಿಗ್ಗೆಯೇ ಅಂಗಡಿಗೆ ಹೋಗಿ ಮಾವಿನೆಲೆ ಕಟ್ಟುತ್ತಿದ್ದೆ. ಅವನೋ, ನಾನು ಮನೆಯಲ್ಲಿ ಇರದ ಹೊತ್ತು ನೋಡಿಯೇ ಹೋಗಿ, ಬುಟ್ಟಿಯನ್ನು ಅವ್ವನ ಕೈಗೆ ಕೊಟ್ಟು, "ಅವ್ವಾ, ಇವನ್ನ ಇಟ್ಟಿರಿ, ಮಧ್ಯಾಹ್ನ ಪ್ರಸನ್ನ ಸಾರ್‌ನ ಕರ್ಕಂಡ್ ಬತ್ತೀನಿ" ಎಂದು ಹೇಳಿ ಹೋದ. ಕೆ.ಆರ್. ನಗರದಿಂದ ಬಣ್ಣ ಬಳಿಸಿಕೊಂಡು ಬಂದ ಹೊಸ ಕಾರೂ ಆ ಬುಟ್ಟಿಯಲ್ಲಿತ್ತು.

ನಾನು ಮನೆಗೆ ಬಂದಾಗ ಜಗಲಿಯ ಮೇಲೆ ಕಾರುಗಳು ಬಿಸಿಲು ಕಾಯುತ್ತಿದ್ದವು. ಪಕ್ಕದಲ್ಲಿ ಬಕೆಟ್ಟು, ತೆಂಗಿನ ನಾರು, ಪಾತ್ರೆ ತೊಳೆಯುವ ಸೋಪು.

"ಅವ್ವಾ, ಏನ್ ಮಾಡ್ದೆ?"

"ಏನ್ ಮಾಡ್ಲಿ? ತೊಳ್ದೆ. ಮೈಯೆಲ್ಲಾ ಕೆಸ್ರು ಬಳ್ಕಂಡಿದ್ವು. ಅಬ್ಬದ್ ದಿನ ಇಂಗ್ ಇಟ್ಟುದ್ರೆ ದ್ಯಾವ್ರು ಮೆಚ್ತಾನಾ? ನಿಮ್ಗಂತೂ ಬುದ್ಧಿ ಇಲ್ಲ. ಇಷ್ಟ್ ವರ್ಸದಿಂದ ಒಂದ್ ಸಲಾನೂ ತೊಳೀದೆ ಪೂಜೆ ಮಾಡ್ಸೀರಿ."

ಹತ್ತಿರ ಹೋಗಿ ನೋಡಿದೆ. ನಮ್ಮ ಹಳೇ ಕಾರುಗಳ ಕೆಸರು ಒಂದಿಷ್ಟೂ ಜಗ್ಗಿರಲಿಲ್ಲ. ಮರದ ಪಾಲಿಶಿನಲ್ಲಿ ಕಲಸಿದ ರಾವಂದೂರಿನ ಮಣ್ಣು ಅವ್ವನ ತೆಂಗಿನ ನಾರಿಗೂ ಹೆದರಲಿಲ್ಲ. ನಾನು ಬರೆದ ನಂಬರುಗಳೂ ಇದ್ದಲ್ಲೇ ಇದ್ದವು. ಹೊಸ ಕಾರಿನ ಮೇಲೆ ಮಾತ್ರ ಫಾರಿನ್ ಮಣ್ಣಿನ ಧೂಳೂ ಉಳಿದಿರಲಿಲ್ಲ. ನೀಲಿ ಬಣ್ಣ ಹಾಗೇ ಇತ್ತು, ಆದರೆ ಸ್ಟಿಕರಿನ ನಂಬರುಗಳು ಕಳಚಿ ಬಕೆಟ್ಟಿನ ನೀರಿನಲ್ಲಿ ತೇಲುತ್ತಿದ್ದವು. ಬೋಳು ಕಾರಿನ ನೆತ್ತಿಗೆ ಕುಂಕುಮ, ಒಂದು ಚೆಂಡು ಹೂವು. ನಿಂಬೆಹಣ್ಣು ಚಕ್ರಕ್ಕಿಂತ ದೊಡ್ಡದಾಯಿತೆಂದು ಅವ್ವ ನಾಲ್ಕು ಗಾಲಿಗೂ ಒಂದೊಂದು ದ್ರಾಕ್ಷಿ ಇಟ್ಟಿದ್ದಳು.

ಸುಳ್ಳೇಕೆ ಹೇಳಲಿ, ನನಗೆ ಸಂತೋಷವಾಯಿತು. ಎಂಥ ಸಂತೋಷ ಎನ್ನುತ್ತೀರಿ! ಮಳೆ ಕಂಡ ನವಿಲಿಗೆ ಆಗುವುದೂ ಅಷ್ಟೇ ಇರಬೇಕು. ಒಳಗೆ ಹೋಗಿ ಒಂದು ಹೋಳಿಗೆ ತಿಂದು ಬಂದೆ. ಅದು ಗಂಟಲಿನಿಂದ ಇಳಿಯುವ ಮೊದಲೇ ಬಿಳಿ ಕಾರು ಮನೆಯ ಮುಂದೆ ನಿಂತಿತು.

ನಜೀರ ನಗುನಗುತ್ತಾ ಇಳಿದು ಬಂದವನು ಜಗಲಿ ನೋಡಿ ನಿಂತುಬಿಟ್ಟ. ಬಕೆಟ್ಟು ನೋಡಿದ. ಅವ್ವನನ್ನು ನೋಡಲಿಲ್ಲ, ನೇರವಾಗಿ ನನ್ನನ್ನೇ ನೋಡಿದ.

"ನೀನ್ ತೊಳಿ ಅಂತ ಹೇಳ್ದ್ಯಾ?"

"ನಿನ್ನಾಣೆ ಇಲ್ಲ ಕಣೋ. ನಾನ್ ಮನೇಲೇ ಇರ್ಲಿಲ್ಲ."

"ನಿನ್ ಹೊಟ್ಟೆ ಉರಿಯೋದು ನಂಗ್ ಗೊತ್ತಿಲ್ವಾ ಚಂದ್ರು? ಇಷ್ಟ್ ದಿನದಿಂದ ನೋಡ್ತಾನೇ ಇದೀನಿ. ಶನಿವಾರ ಶನಿವಾರ ಮೂಟೆ ಹಿಂದೆ ನಿಂತ್ಕಂಡು ನೋಡ್ತೀಯ."

ಸುಜಾತ ಬಾಗಿಲಲ್ಲಿ, ಅವ್ವ ಜಗಲಿಯಲ್ಲಿ, ಪ್ರಸನ್ನ ಮೆಟ್ಟಿಲಲ್ಲಿ. ಎಲ್ಲರ ಎದುರು ಅಂದುಬಿಟ್ಟ. ಸುಳ್ಳಾಗಿದ್ದರೆ ಜಗಳವಾಡಬಹುದಿತ್ತು. ತೊಳೆದದ್ದು ನಾನಲ್ಲ, ತೊಳೆಯಲಿ ಎಂದು ಹೇಳಿದ್ದೂ ನಾನಲ್ಲ. ಆದರೆ ಹೊಟ್ಟೆ ಉರಿದದ್ದು ನಿಜ, ಬಾಯಲ್ಲಿ ಹೋಳಿಗೆ ಇದ್ದದ್ದೂ ನಿಜ. ಈ ಸ್ನೇಹ ಇಲ್ಲಿಗೆ ಮುಗಿಯಿತು, ಇನ್ನು ಎದುರುಬದುರು ಅಂಗಡಿಯಲ್ಲಿ ಮುಖ ತಿರುಗಿಸಿಕೊಂಡು ಮುದುಕರಾಗುವುದೊಂದೇ ಬಾಕಿ ಅನ್ನಿಸಿತು.

ಅವ್ವನಿಗೆ ಮಾತ್ರ ಏನೂ ಅರ್ಥವಾಗಲಿಲ್ಲ. "ಯಾಕ್ ಮಗ, ಕೊಳೆ ಇನ್ನೂ ಓಗಿಲ್ವಾ?" ಎಂದು ನಜೀರನನ್ನೇ ಕೇಳಿದಳು.

ಪ್ರಸನ್ನ ಮುಂದೆ ಬಂದು ಕಾರನ್ನು ಎತ್ತಿಕೊಂಡ. ಹೂವು ತೆಗೆಯಲಿಲ್ಲ. "ಇಲ್ಲ ಅಮ್ಮ, ತುಂಬಾ ಚೆನ್ನಾಗಿ ತೊಳೆದಿದ್ದೀರಿ" ಎಂದ. ಆಮೇಲೆ ನಜೀರನ ಕಡೆ ತಿರುಗಿ, "ಕೊನೇ ಕೋಟು ವಾರ್ನಿಷ್ ಹೊಡೆಯೋದು ಬಾಕಿ ಇತ್ತಲ್ಲ ನಜೀರ್, ಹಬ್ಬ ಆಗಲಿ ಅಂದವನು ನಾನೇ. ನೀರು ಬಿದ್ದರೆ ಇನ್ನೇನಾಗುತ್ತೆ" ಎಂದ. ಅವನ ದನಿಯಲ್ಲಿ ಸಿಟ್ಟೇ ಇರಲಿಲ್ಲ. ನನಗೆ ಅದಕ್ಕೂ ಹೊಟ್ಟೆಕಿಚ್ಚಾಯಿತು. ಒಳ್ಳೆಯವನು ಬೇರೆ!

ಅವನು ಬಗ್ಗಿ ನಮ್ಮ ಹಳೇ ಕಾರುಗಳನ್ನು ಒಂದೊಂದಾಗಿ ನೋಡಿದ. ಕನ್ನಡಕ ಮೇಲಕ್ಕೆ ಸರಿಸಿ ಒಂದು ನಂಬರನ್ನು ಬೆರಳಿನಿಂದ ಸವರಿದ. "ಇವನ್ನ ನೀವೇ ಬರೆದದ್ದಂತೆ. ನಜೀರ್ ಹೇಳಿದ್ರು. ನಾನೂ ಕೈಯಲ್ಲಿ ಬರೆಯೋಕೆ ಎಷ್ಟೋ ಸಲ ನೋಡಿದೆ, ಬರಲೇ ಇಲ್ಲ. ಅದಕ್ಕೇ ಸ್ಟಿಕರು. ಇದಕ್ಕೂ ನೀವೇ ಬರೆದುಬಿಡಿ ಸಾರ್. ಈಗಲೇ" ಎಂದ.

ನಜೀರನನ್ನು ನೋಡಿದೆ. ಅವನು ಬೈಕಿನ ಕಡೆ ನೋಡುತ್ತಿದ್ದ. ಬೇಡ ಅನ್ನಲಿಲ್ಲ.

ಬ್ರಷ್ಷು ತಂದೆ, ಬಿಳಿ ಎನಾಮಲ್ ಡಬ್ಬಿ ತಂದೆ, ಜಗಲಿಯ ಮೇಲೆ ಕೂತೆ. ಎಲ್ಲರೂ ಸುತ್ತ ನಿಂತು ನೋಡುತ್ತಿದ್ದಾರೆ. ಯಾವ ನಂಬರು, ಎಷ್ಟು ದಪ್ಪ, ಏನೂ ಯೋಚಿಸದೆ ಕೈ ತನಗೆ ರೂಢಿ ಇದ್ದದ್ದನ್ನು ಬರೆದು ಮುಗಿಸಿತು. ಮುಗಿಸಿ ನೋಡಿದರೆ, ನನ್ನ ಅಂಗಡಿಯ ದರದ ಹಲಗೆಯ ಮೇಲೆ ದಿನಾ ಬರೆಯುವ ಹಾಗೆ, ಇಂಗ್ಲಿಷ್ ನಂಬರಿನ ಬದಲು ದುಂಡು ದುಂಡಾಗಿ ಕನ್ನಡದ ಅಂಕಿ: ೪೬.

ಆಮೇಲೆ ನಜೀರನ ಮೂಗಿನಿಂದ ಒಂದು ಸದ್ದು ಬಂತು. ನಗು ತಡೆಯಲು ನೋಡಿ, ಆಗದೆ, ಜಗಲಿಯ ಕಂಬ ಹಿಡಿದುಕೊಂಡು ನಕ್ಕ. "ಯಾ ಅಲ್ಲಾ! ಅಮೆರಿಕದ್ ಕಾರಿಗೆ ಗೊಬ್ಬರದ್ ರೇಟ್ ಬರ್ದವ್ನಲ್ಲಪ್ಪ!" ಸುಜಾತ ಸೆರಗು ಬಾಯಿಗೆ ಅಡ್ಡ ಹಿಡಿದಳು. ನಾನು ಒರೆಸಲು ಬಟ್ಟೆ ಎತ್ತಿಕೊಂಡೆ. ಪ್ರಸನ್ನ ನನ್ನ ಕೈ ಹಿಡಿದ. "ಬೇಡ ಬೇಡ, ಇರಲಿ. ಇಂಥದ್ದು ಬೇರೆ ಯಾರ ಹತ್ತಿರವೂ ಇರಲ್ಲ. ನನ್ನ ಷೋಕೇಸಲ್ಲಿರೋ ಕಾರುಗಳಿಗೂ ಬರೆದುಕೊಡ್ತೀರಾ? ಭಾನುವಾರ ಬನ್ನಿ, ಊಟ ನಮ್ಮ ಮನೇಲೇ."

ಹೋದೆ. ಮೊದಲ ಭಾನುವಾರ ಒಬ್ಬನೇ ಹೋದೆ, ಅದರ ಮುಂದಿನದಕ್ಕೂ ಒಬ್ಬನೇ ಹೋದೆ. ಕೆ.ಆರ್. ನಗರದ ಅವನ ಮನೆಯಲ್ಲಿ ಏರ್‌ಬ್ರಷ್ಷು ನೋಡಿದೆ, ಸೀಸೆಯ ಮಣ್ಣನ್ನು ಮೂಸಿ ನೋಡಿದೆ. ಒಳ್ಳೆಯ ಮಣ್ಣೇ, ಅದನ್ನು ನಾನು ಯಾರಿಗೂ ಹೇಳಿಲ್ಲ. ಪ್ರಸನ್ನನ ಹೆಂಡತಿ ಮಾಡುವ ಮೀನುಸಾರು ಮಾತ್ರ ಊರಿಗೆಲ್ಲ ಹೇಳಿಕೊಂಡು ಬಂದೆ. ಕೆಲಸ ಮುಗಿಯಿತು, ಕೊನೆಯ ಕಾರಿಗೂ ನಂಬರು ಬಿತ್ತು.

ಅದಾದ ಮೇಲಿನ ಸೋಮವಾರ ನಜೀರನ ಅಂಗಡಿಗೆ ಹೋದೆ. ಅವನು ಹೊಸ ಕಿಟ್ಟೊಂದನ್ನು ಬಿಚ್ಚಿಕೊಂಡು ಕೂತಿದ್ದ. ನಾನು ಪ್ರಸನ್ನನ ಮನೆಯ ದೀಪ, ಕುರ್ಚಿ, ಮೀನುಸಾರು ಎಲ್ಲ ವರ್ಣಿಸಿದೆ. ಕೊನೆಗೆ ಗರಗಸ ಕೆಳಗಿಟ್ಟ.

"ಎರಡ್ ಭಾನುವಾರ ಆಯ್ತು. ನಾನೊಬ್ನೇ ಇಲ್ಲಿ ಗೋಡೆ ಜೊತೆ ಮಾತಾಡ್ತಾ ಕೂತಿದ್ದೆ. ನಿಂಗೇನು, ನಿಂಗೆ ಪ್ರಸನ್ನ ಸಾರ್ ಅವ್ರೆ."

ಆ ಮಾತಿನಲ್ಲಿದ್ದ ಉರಿಯನ್ನು ನಾನು ಚೆನ್ನಾಗಿ ಬಲ್ಲೆ. ತಿಂಗಳುಗಟ್ಟಲೆ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದವನು ನಾನು. ಇಷ್ಟು ದಿನ ನನಗೆ ಬೇಕಾಗಿದ್ದದ್ದು ಅವನ ಬಾಯಿಂದ ಈ ಒಂದು ಮಾತೇ ಇರಬೇಕು. ಕಣ್ಣು ಒದ್ದೆಯಾಗುವ ಹಾಗಾಯಿತು. ಸಮಾಧಾನ ಮಾಡಬಹುದಿತ್ತು. ಆದರೆ ಸಿಕ್ಕಿದ ಸುಖವನ್ನು ಅಷ್ಟು ಬೇಗ ಯಾರು ಬಿಡುತ್ತಾರೆ?

"ಮುಂದಿನ್ ಭಾನುವಾರಾನೂ ಬರಾಕ್ ಹೇಳವ್ರೆ ಕಣ್ಲಾ" ಎಂದೆ. ಯಾರೂ ಹೇಳಿರಲಿಲ್ಲ.

ನಜೀರ ಮತ್ತೆ ಗರಗಸ ಎತ್ತಿಕೊಂಡ. ಬಾಗಿಲ ಸಂದಿನ ಮೇಲೆ ಗೆರೆ ಎಳೆಯುತ್ತಾ, ನನ್ನ ಮುಖ ನೋಡದೆ, ಬಹಳ ಗಡುಸಾಗಿ ಹೇಳಿದ: "ಹೋಗು. ಆದ್ರೆ ಇದಕ್ ಯಾವ್ ನಂಬರ್ ಬರೀತೀಯ ಅಂತ ಹೇಳ್ಬುಟ್ಟು ಹೋಗು. ಬೇರೆಯವ್ರ್ ಕೈಲಿ ನಾನ್ ಬರ್ಸಾಕಿಲ್ಲ."